ತುಂಬು ಬಿಡಿಸಿದ ಕೈ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು ಕೈ ತೊಳೆಯುತ್ತಿದ್ದ ನಳವನ್ನು ಕಿತ್ತು, ಅದೇ ಜಾಗದಲ್ಲಿ ಸಂಸದ ರುದ್ರಮುನಿಯವರ ಸನ್ಮಾನಕ್ಕೆ ಕಲ್ಲಿನ ವೇದಿಕೆ ಕಟ್ಟಿದರು.

ಸನ್ಮಾನದ ದಿನವೂ ಕೆಲಸ ನಿಂತಿರಲಿಲ್ಲ. ಕೆಂಪು ರಾಶಿಯ ಮುಂದೆ ಕೂತಿದ್ದ ಮುದುಕಿ ದುರಗವ್ವನ ಹತ್ತಿರ ದಲಾಲಿ ಅಂಗಡಿಯ ಶಶಿಕಾಂತ ಬಂದು ನಿಂತ. ಸನ್ಮಾನ ಸಮಿತಿಯ ಯಜಮಾನಿಕೆ ಅವನದೇ.

"ದುರಗವ್ವಾ, ಏಳು. ಸಾಹೇಬ್ರು ರಾಣೇಬೆನ್ನೂರು ಬಿಟ್ಟಾರಂತ. ಸ್ಟೇಜಿನ ಮ್ಯಾಲ ಅವರ ಗಲ್ಲಾ ಸವರಿ, ದೃಷ್ಟಿ ತಗದು ಲಟಿಗಿ ಮುರೀಬೇಕು ನೀನು. ಮೊದಲ್ನೇ ಸಲ ಮುರದಿದ್ದಿಯಲ್ಲ, ಹಂಗ. ಪೇಪರಿನವರು ಬರಾಕತ್ತಾರ."

"ಅವತ್ತ ನನಗ ಯಾರೂ ಹೇಳಿರಲಿಲ್ಲೋ ಯಪ್ಪಾ. ನಾನ ಮುರದಿದ್ದೆ."

ಪಕ್ಕದಲ್ಲಿದ್ದ ತರನ್ನುಮ ನಕ್ಕಳು. "ಮುರದು, ಪಾಪ, ಅವರನ್ನ ಅಳಸಿದ್ದಿ ಅಂತಲ್ಲಬೇ!" ನಗುತ್ತಲೇ ಅಳುವ ಕೂಸನ್ನು ಎತ್ತಿಕೊಂಡಳು, ಖಾರ ಹತ್ತಿದ ಅಂಗೈ ತಾಕದ ಹಾಗೆ, ಎರಡೂ ಮೊಣಕೈಗಳಲ್ಲಿ. ನಳ ಹೋದ ಮೇಲೆ ಕಲಿತದ್ದು ಅದು.

ಅಳಿಸಿದ್ದು ಖರೇ. ಮೊದಲ ಸಲ ಗೆದ್ದಾಗ ರುದ್ರಮುನಿ ಸೈಕಲ್ ಹೊಡೆದುಕೊಂಡು ಇಲ್ಲಿಗೆ ಬಂದಿದ್ದರು. ದುರಗವ್ವ ಖುಷಿಯಲ್ಲಿ ಕೈ ಎಂಥದೆಂಬುದನ್ನೇ ಮರೆತು, "ನನ್ನ ತಮ್ಮ ದಿಲ್ಲಿಗೆ ಹೊಂಟಾನ" ಎಂದು ಅವರ ಮುಖ ಸವರಿಬಿಟ್ಟಳು. ಕಣ್ಣು ಕೆಂಪಾಗಿ, ಮೂಗು ಸುರಿಯುತ್ತ ಅವರು ನೀರು ಕೇಳಿದರು. ಇಡೀ ಮಾರುಕಟ್ಟೆಯಲ್ಲಿ ಇದ್ದದ್ದು ಯಾರದೋ ಬುತ್ತಿಯ ಜೊತೆಗಿನ ಒಂದು ತಂಬಿಗೆ ನೀರು. "ದಿನಾ ಈ ಉರಿ ಹೊತಗೊಂಡು ಮನಿಗಿ ಹೋಗ್ತೀರೇನಕ್ಕಾ?" ಎಂದು ಕೇಳಿದ್ದರು. ಅವರು ಲೋಕಸಭೆಯ ಮೆಟ್ಟಿಲು ಹತ್ತುವ ಮೊದಲೇ ಇಲ್ಲಿಗೆ ನಳ ಬಂತು.

ಆಮೇಲೆ ಏಳು ಸಲ ಗೆದ್ದರು. ಸೈಕಲ್ಲು ಹೋಗಿ ಜೀಪಾಯಿತು, ಜೀಪು ಹೋಗಿ ಕಾರುಗಳ ಸಾಲಾಯಿತು. ಗಾಜಿನೊಳಗಿಂದ ಒಂದು ಕೈ ಬೀಸುತ್ತ ದಾಟಿ ಹೋಗುತ್ತಿತ್ತು. ಈ ಸಲ ಇಳಿದಾನು, ಇಳಿದು ಅಕ್ಕಾ ಅಂದಾನು ಎಂದು ದುರಗವ್ವ ಪ್ರತಿ ಸಲವೂ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದಳು. ಸಂಜೆ ನಳದ ಕೆಳಗೆ ಕೈಯೊಡ್ಡಿದಾಗ ಮಾತ್ರ ಆ ತಮ್ಮನೇ ಹತ್ತಿರ ಬಂದಂತಾಗುತ್ತಿತ್ತು.

ಈಗ ರುದ್ರಮುನಿಯವರನ್ನು ಇಬ್ಬರು ಹಿಡಿದುಕೊಂಡು ಬಂದು ವೇದಿಕೆಯ ಮೇಲೆ ಕೂರಿಸಿದರು. ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಅವರೇ ಹೇಳಿದ್ದರು. ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರ, ಅದರ ಭಾರಕ್ಕೂ ಕತ್ತು ಬಾಗಿತ್ತು. ಭಾಷಣಗಳು ನಡೆದೇ ಇದ್ದವು, ಅವರ ಕಣ್ಣು ಜನರಲ್ಲಿ ಯಾರನ್ನೋ ಹುಡುಕುತ್ತಿತ್ತು.

ದುರಗವ್ವ ಎದುರಿಗೆ ಬಂದಾಗ ಹುಡುಕಾಟ ನಿಂತಿತು. "ಅಕ್ಕಾ," ಅಂದರು. "ದಿಲ್ಲಿಯೊಳಗ ಭಾಳ ಮಂದಿ ಹಾರ ಹಾಕಿದ್ರು. ಗಲ್ಲಾ ಯಾರೂ ಮುಟ್ಟಲಿಲ್ಲ ನೋಡು." ಮುಖ ಮುಂದೆ ಚಾಚಿದರು. "ಮುರಿಬೇ. ಉರದ್ರ ಉರೀಲಿ."

ಅವಳ ಕೈಗಳು ತಾವಾಗಿಯೇ ಮೇಲೆದ್ದವು. ಶಶಿಕಾಂತ ಬಾಟ್ಲಿ ನೀರಿನ ಮುಚ್ಚಳ ತೆಗೆದ. "ಮೊದಲ ಕೈ ತೊಳಕೋ. ಲಗೂ!"

ದುರಗವ್ವ ಬಾಟ್ಲಿ ನೋಡಿದಳು. ಕೆಳಗೆ ಕೂಸನ್ನು ಮೊಣಕೈಯಲ್ಲಿ ತೂಗುತ್ತ ನಿಂತ ತರನ್ನುಮಳನ್ನು ನೋಡಿದಳು. ಎದ್ದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಮುರಿ ಅಂದ್ನಲ್ಲ!" ಶಶಿಕಾಂತ ಹಲ್ಲು ಕಚ್ಚಿ ಗದರಿದ.

"ಒಲ್ಲೆ." ಅವಳು ಹೇಳಿದ್ದು ಅವನಿಗಲ್ಲ. "ಒಲ್ಲೆ ತಮ್ಮಾ. ನೀ ಹಾಕಿಸಿದ ನಳದ ಮ್ಯಾಲ ನಿನ್ನ ಕುರ್ಚಿ ಇಟ್ಟಾರ."