ಒಂದು ಗಂಟೆಯ ಜಾಗ

ಸಂದರ್ಶನ ರೆಕಾರ್ಡ್ ಮಾಡಲು ಅವಳ ಫೋನಿನಲ್ಲಿ ಜಾಗವಿರಲಿಲ್ಲ. ಟಿವಿಯ ಭವಿಷ್ಯದ ಬಗೆಗಿನ ಕಾಲೇಜು ಪ್ರಾಜೆಕ್ಟಿಗೆ ಅವಳು ಐವರು ತಜ್ಞರನ್ನು ಕೇಳಿದ್ದಳು. ಮಾತಾಡಲು ಒಪ್ಪಿದವರು ನಿವೃತ್ತ ಟಿವಿ ನಿರ್ಮಾಪಕರೊಬ್ಬರೇ, ಅದೂ ಒಂದು ಗಂಟೆ.

"ಹಳೇ ಆಡಿಯೋ ಎಲ್ಲಾ ತೆಗೆದುಬಿಡೇ, ಯಾರು ಕೇಳ್ತಾರೆ?" ಎಂದಳು ರೂಮ್‌ಮೇಟ್. ಬಸ್ಸಿಗೆ ಹೊತ್ತಾಗಿತ್ತು. ಅವಳು ಎಲ್ಲವನ್ನೂ ಒಟ್ಟಿಗೆ ಅಳಿಸಿ ಓಡಿದಳು.

ನಿರ್ಮಾಪಕರು ಅವಳ ಪ್ರಶ್ನೆ ಕೇಳಿ ನಕ್ಕರು. "ಭವಿಷ್ಯ ನನಗೇನು ಗೊತ್ತಮ್ಮ? ನಮ್ಮಲ್ಲಿ ಟೇಪು ಸಾಲದೆ ಹಳೇದನ್ನ ಅಳಿಸಿ ಹೊಸದು ತುಂಬ್ತಿದ್ವಿ. ನನ್ನ ಹೆಂಡತಿ ಹಾಡಿದ್ದ ಟೇಪನ್ನೂ ನಾನೇ ಅಳಿಸಿದೆ. ಈಗ ಅವಳೂ ಇಲ್ಲ."

"ಏನಿದೆ ಅಂತ ನೋಡದೇ ಅಳಿಸಿದ್ರಾ ಸರ್?"

"ಅವತ್ತು ಅವಸರ ಇತ್ತು."

ಅವಳು ರೆಕಾರ್ಡಿಂಗ್ ನಿಲ್ಲಿಸಿ ಫೋನೆಲ್ಲ ತಡಕಾಡಿದಳು. ಸಾಯುವ ಮುಂಚೆ ಆಸ್ಪತ್ರೆಯಿಂದ ಅಪ್ಪ ಕಳಿಸಿದ್ದ ವಾಯ್ಸ್ ಮೆಸೇಜುಗಳು ಹೋಗಿದ್ದವು, ಹನ್ನೊಂದೂ.