ಬಿಗಿ

ಕೆಳಪರ್ಕಳದ ಇಳಿಜಾರು ತಿರುಗುವಲ್ಲಿ, ಪೊಲೀಸರು ಇಟ್ಟ ಬ್ಯಾರಿಕೇಡ್‌ನ ಪಕ್ಕ ಇಬ್ಬರು ಕಾಯುತ್ತಿದ್ದರು. ಒಬ್ಬ ಮಲ್ಪೆಯ ಬೋಟಿನಲ್ಲಿ ದುಡಿಯುವ ಮಟ್ಟುವಿನ ಚೆನ್ನಪ್ಪ, ಇನ್ನೊಬ್ಬ ಪರ್ಕಳದಲ್ಲಿ ಸೈಕಲ್ ಅಂಗಡಿ ಇಟ್ಟಿರುವ, ಊರವರು ಪೊರ್ಬುಗಳೆಂದು ಕರೆಯುವ ಸ್ಟ್ಯಾನಿಸ್ಲಾಸ್. ಉಡುಪಿಯಿಂದ ಹೊರಟ ರೇಸ್ ಮಣಿಪಾಲ ಹತ್ತಿ, ಇಲ್ಲಿ ಇಳಿದು, ಕಾರ್ಕಳಕ್ಕೆ ಹೋಗಬೇಕಿತ್ತು. ಚೆನ್ನಪ್ಪನ ಮಗ ಯಶ್ವಂತ್ ಅದರಲ್ಲಿದ್ದ. ಗೆದ್ದರೆ ರಾಜ್ಯ ತಂಡಕ್ಕೆ ಆಯ್ಕೆ.

"ಪೊರ್ಬುಗಳೇ, ಟ್ಯೂಬ್ ಇಲ್ಲದ ಟಯರ್ ನಿಜವಾಗಿ ಒಳ್ಳೆಯದಾ? ಹೊಟ್ಟೆಯೊಳಗೆ ಕರುಳಿಲ್ಲದ ಹಾಗೆ ಕಾಣುತ್ತದೆ ನನಗೆ," ಎಂದ ಚೆನ್ನಪ್ಪ.

"ಕರುಳಿಲ್ಲದ್ದಕ್ಕೇ ಪಂಕ್ಚರ್ ಕಡಿಮೆ ಮಾರಾಯ. ಈ ರಸ್ತೆಯ ಜಲ್ಲಿಗೆ ಅದೇ ಸರಿ," ಎಂದು ಸ್ಟ್ಯಾನಿಸ್ಲಾಸ್ ನಕ್ಕ. ಅದು 2009. ರೇಸ್ ಸೈಕಲ್ಲಿಗೆ ಅಂಥ ಟಯರ್ ಹಾಕಿದವರು ಈ ಕಡೆ ಬೇರೆ ಯಾರೂ ಇರಲಿಲ್ಲ. ಮುಂಬಯಿಯಿಂದ ಎರಡು ಬಗೆ ತರಿಸಿ, ತೂಕ ಹೆಚ್ಚಾದರೂ ಬಿಗಿಯಾದುದನ್ನೇ ಅವನು ಆರಿಸಿ ಕೊಟ್ಟಿದ್ದ. ಹಾಕಿಕೊಡುತ್ತೇನೆ ಅಂದರೆ ಯಶ್ವಂತ್ ಒಪ್ಪಲಿಲ್ಲ, ದಾರಿಯಲ್ಲಿ ಕೆಟ್ಟರೆ ನೀವು ಬರುತ್ತೀರಾ ಅಂದಿದ್ದ. ಸಾಬೂನು ನೀರು ಸವರು, ಹೆಬ್ಬೆರಳಿನಲ್ಲೇ ಒತ್ತು, ಕಬ್ಬಿಣ ತಾಗಿಸಬೇಡ ಎಂದು ಹೇಳಿ ಕಳಿಸಿದ್ದ.

"ಹುಡುಗ ಕಷ್ಟಪಟ್ಟಿರಬೇಕು, ಅಲ್ವಾ?"

"ಕೇಳಬೇಡಿ! ಹಿಂದಿನದನ್ನು ಹಾಕುವಷ್ಟರಲ್ಲಿ ಎರಡೂ ಹೆಬ್ಬೆರಳಿನ ಚರ್ಮ ಹೋಗಿತ್ತು. ಮುಂದಿನದು ಕೂರಲೇ ಇಲ್ಲ. ಊಟವೂ ಮಾಡದೆ ಮಲಗಿದ." ಚೆನ್ನಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಅವನಿಗೆ ಹೇಳಬೇಡಿ, ಮರ್ಯಾದೆಯ ಪ್ರಶ್ನೆ. ಮರುದಿನ ಬೆಳಿಗ್ಗೆ ಬೋಟಿಗೆ ಹೋಗುವಾಗ ಆ ಟಯರನ್ನು ನಾನೇ ತೆಗೆದುಕೊಂಡು ಹೋದೆ."

"ಎಂತಕ್ಕೆ?"

"ಹೊಸ ಹಗ್ಗವನ್ನು ಎಳೆದು ಪಳಗಿಸದೆ ನಾವು ಬೋಟಿಗೆ ಹಾಕುವುದುಂಟಾ? ಒಂದು ಬದಿ ಗೂಟಕ್ಕೆ, ಒಂದು ಬದಿ ಬಲೆ ಎಳೆಯುವ ಕಪ್ಪಿಗೆ. ಬಿಸಿಲಿನಲ್ಲಿ ಸಂಜೆವರೆಗೆ ಬಿಗಿದು ಬಿಟ್ಟೆ. ಒಳಗೆ ಸಣ್ಣಗೆ ಕಟಕಟ ಅಂತು, ಹೊಸ ಹಗ್ಗವೂ ಹಾಗೇ ಅನ್ನುತ್ತದೆ. ಸಂಜೆ ತಂದು ಇದ್ದ ಜಾಗದಲ್ಲೇ ಇಟ್ಟೆ. ಉಂಗುರ ಹಾಕಿದ ಹಾಗೆ ಕೂತಿತು ನೋಡಿ! ಅವನು ತನ್ನ ಬೆರಳಿಗೇ ಬಲ ಬಂತು ಅಂತ ಕುಣಿದ. ಹೆಂಡತಿ ಸರಸಳಿಗೂ ನಾನು ಹೇಳಿಲ್ಲ."

ಸ್ಟ್ಯಾನಿಸ್ಲಾಸ್ ನಗಲಿಲ್ಲ. ಟ್ಯೂಬ್ ಇಲ್ಲದ ಟಯರನ್ನು ರಿಮ್ಮಿಗೆ ಹಿಡಿದಿಡುವುದು ಅದರ ಅಂಚಿನ ಬಿಗಿ ಒಂದೇ. ಅಂಚಿನೊಳಗಿನ ದಾರ ಹಗ್ಗದ ಹಾಗೆ ಹಿಗ್ಗಿ ಪಳಗುವಂಥದ್ದಲ್ಲ. ಎಳೆದರೆ ಒಳಗೊಳಗೇ ಕಡಿಯುತ್ತದೆ, ಹೊರಗೆ ರಬ್ಬರು ಹೊಸದರಂತೆಯೇ ಇರುತ್ತದೆ. ಅಂಥ ಟಯರ್ ಇಳಿಜಾರಿನಲ್ಲಿ ರಿಮ್ಮಿನಿಂದ ಹಾರಿಬಿಡಬಹುದು.

"ಗಾಳಿ ಹೊಡೆಯುವಾಗ ನೀನು ಇದ್ದೆಯಾ?"

"ಪಕ್ಕದಲ್ಲೇ ಇದ್ದೆ."

"ಶಬ್ದ ಬಂತಾ? ಟಪ್ ಅಂತ, ಪಟಾಕಿಯ ಹಾಗೆ? ಸರಿಯಾಗಿ ಹೇಳು."

"ಎಂತ ಶಬ್ದವೂ ಇಲ್ಲ. ಮೆತ್ತಗೆ ಕೂತಿತು. ಬರಬೇಕಿತ್ತಾ?"

ಬರಬೇಕಿತ್ತು. ಅಂಚು ರಿಮ್ಮಿನ ಮೆಟ್ಟಿಲು ಹತ್ತಿ ಕಚ್ಚಿಕೊಂಡಾಗ ಆ ಶಬ್ದ ಬರುತ್ತದೆ. ಅದನ್ನು ಅವನು ಯಶ್ವಂತ್‌ಗೆ ಹೇಳಿರಲಿಲ್ಲ. ಇಷ್ಟು ಬಿಗಿಯಾದ ಟಯರ್ ಸದ್ದಿಲ್ಲದೆ ಕೂರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಅವನು ಮೊಬೈಲ್ ತೆಗೆದು ಮಣಿಪಾಲದಲ್ಲಿದ್ದ ಸಂಘಟಕನಿಗೆ ಫೋನ್ ಮಾಡಿದ. ಗದ್ದಲದ ನಡುವೆ ಆ ಕಡೆಯವನು ಖುಷಿಯಿಂದ ಕೂಗಿದ: "ನಿಮ್ಮ ಯಶ್ವಂತನೇ ಫಸ್ಟ್! ಈಗಷ್ಟೇ ಹೋದ, ಮುಂದೆ ಹೋಗುವ ನಮ್ಮ ಜೀಪನ್ನೇ ಹಿಂದೆ ಹಾಕುತ್ತಾನೆ ಮಾರಾಯ್ರೆ!"

"ನಿಲ್ಲಿಸಿ, ಜೀಪಿನವರಿಗೆ ಹೇಳಿ ಅವನನ್ನು ನಿಲ್ಲಿಸಿ," ಎನ್ನುವಷ್ಟರಲ್ಲಿ ಫೋನ್ ಕಡಿಯಿತು.

"ಫಸ್ಟಾ?" ಎಂದ ಚೆನ್ನಪ್ಪ. ಅವನಿಗೆ ಕೇಳಿಸಿದ್ದು ಅಷ್ಟೇ.

ಸ್ಟ್ಯಾನಿಸ್ಲಾಸ್ ಅವನ ಹೆಗಲಿನ ಕೆಂಪು ಬೈರಾಸನ್ನು ಕಸಿದುಕೊಂಡು, ಬ್ಯಾರಿಕೇಡ್ ದಾಟಿ, ಏರಿನ ಕಡೆಗೆ ಓಡತೊಡಗಿದ. ಬೈರಾಸನ್ನು ತಲೆಯ ಮೇಲೆ ಬೀಸುತ್ತ "ನಿಲ್ಲು, ನಿಲ್ಲು" ಎಂದು ಕೂಗುತ್ತಿದ್ದ. ಬದಿಯಲ್ಲಿ ನಿಂತಿದ್ದ ಜನ ಅವನನ್ನು ನೋಡಿ ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಚೆನ್ನಪ್ಪನೂ ನಗುತ್ತ ಹಿಂದಿನಿಂದ ಓಡಿದ. ಮೇಲಿನ ತಿರುವಿನಲ್ಲಿ ಜೀಪಿನ ಹಾರ್ನ್ ಕೇಳಿಸಿತು, ಅದರ ಹಿಂದೆ ಬ್ರೇಕ್ ಹಿಡಿದ ಚಕ್ರದ ಕೀರಲು.

ಆಮೇಲೆ ಟಪ್ ಎಂದು ಒಂದೇ ಒಂದು ಸದ್ದು, ಪಟಾಕಿಯ ಹಾಗೆ.

ಸ್ಟ್ಯಾನಿಸ್ಲಾಸ್ ನಿಂತುಬಿಟ್ಟ. ಏದುಸಿರು ಬಿಡುತ್ತ ಹತ್ತಿರ ಬಂದ ಚೆನ್ನಪ್ಪ ಅವನ ತೋಳು ಹಿಡಿದ. ಮುಖದಲ್ಲಿ ಇನ್ನೂ ನಗು ಇತ್ತು.

"ಪೊರ್ಬುಗಳೇ, ನೀವು ಹೇಳಿದ್ದು ಇದೇ ಶಬ್ದವಾ?"