ಬಾಗಿಲಿಗೆ ಅಡ್ಡ ರಾಟೆ

"ದಾರಿ ಬಿಡಬೇ ಸಂಗವ್ವಾ, ನಿನ್ನ ಮಗಾನೇ ಗಿರಾಕಿ ಆಗಿ ಬಂದಾನ!" ಸಾರಾಯಿ ಅಂಗಡಿಯವನು ಒಳಗಿನಿಂದ ನಕ್ಕ. ಬಾಗಿಲಿಗೆ ಅಡ್ಡಲಾಗಿ ರಾಟೆ ಹೂಡಿ ಕೂತಿದ್ದ ಸಂಗವ್ವ ತಲೆಯೆತ್ತಿದಳು. ಗೆಳೆಯರ ಜೊತೆ ಪಂತ ಕಟ್ಟಿ ಬಂದು ನಿಂತಿದ್ದ, ಹದಿನಾರರ ಈರಪಾಕ್ಷಿ.

ವಡಗಾವಿಯ ಹುಡುಗರು ಈ ಅಂಗಡಿಯೊಳಗೆ ಕಾಲಿಡಬಾರದೆಂದೇ ಓಣಿಯ ನೇಕಾರ ಹೆಂಗಸರು ವಾರದಿಂದ ನೂಲು ಸುತ್ತುವ ಕೆಲಸವನ್ನು ಇಲ್ಲಿಗೆ ತಂದಿದ್ದರು.

ಸಂಗವ್ವ ಬೈಯಲಿಲ್ಲ. ನೂಲಿನ ಲಡಿಯೊಂದನ್ನು ಬಿಡಿಸಿ ಮಗನತ್ತ ಚಾಚಿದಳು. "ಹಿಡಿ. ಎರಡೂ ಕೈ ಬೇಕು ನೋಡು." ಗೆಳೆಯರು ಕಿಸಕ್ಕೆಂದರು. ಅಂಗಡಿಯವನು ಗ್ಲಾಸು ತುಂಬಿ ಮುಂದೆ ಸರಿಸಿದ. ಈರಪಾಕ್ಷಿ ಅದನ್ನೇ ನೋಡಿದ. ಆಮೇಲೆ ಅವ್ವನ ಮುಂದೆ ಕೂತು ಎರಡೂ ಕೈ ಒಡ್ಡಿದ. ಲಡಿ ಬಿಗಿಯಾಯಿತು, ರಾಟೆ ತಿರುಗಿತು.

"ನಗತೀರೇನ್ಲೇ?" ಬಾಜೂ ಕೂತಿದ್ದ ಬಾಳವ್ವ ಆ ಗೆಳೆಯರತ್ತ ತಿರುಗಿದಳು. "ಬರ್ರಿ ಮುಂದ. ನಿಮ್ಮ ಅವ್ವಂದಿರೂ ಇಲ್ಲೇ ಕುಂತಾರ."